ಕಣದ ಸುತ್ತ ಕೂತವರು

ಜೂನ್ 3, ಸೋಮವಾರ

ಇನ್ನು ಮುಂದೆ ಮಂದಿಗೆ ಉತ್ತರ ಬರೆಯುವ ಕೆಲಸ ನಿನ್ನದಲ್ಲ ಎಂದು ಸೋಮಲಿಂಗ ನನಗೆ ಹೇಳಿಬಿಟ್ಟ. ನಿನ್ನೆ ಒಬ್ಬನಿಗೆ ನಾನು "ಅಷ್ಟು ಅವಸರವಿದ್ದರೆ ನೀವೇ ಮಾಡಿಕೊಳ್ಳಿ" ಎಂದು ಬರೆದಿದ್ದೆ. ಅವನು ಅದರ ಸ್ಕ್ರೀನ್‌ಶಾಟ್ ತೆಗೆದು ಕಂಡಕಂಡಲ್ಲಿ ಹಾಕಿದ.

"ಕಾಜಲ್, ಸಿಟ್ಟ ಬಂದ್ರ ಒಂದ್ ವಹಿ ತಗೊಂಡು ಅದರಾಗ ಬರಿ. ಮಂದಿಗೆ ಬರೀಬ್ಯಾಡ," ಎಂದ. ಝೆರಾಕ್ಸ್ ಅಂಗಡಿಯಿಂದ ವಹಿಯನ್ನೂ ಅವನೇ ತಂದುಕೊಟ್ಟ. ಮೇಲೆ ಗುಲಾಬಿ ಹೂವಿನ ಚಿತ್ರ ಇದೆ. ಇರಲಿ.

ಹೊಸ ವಹಿಗೆ ಹಳೆಯ ಸಂಗತಿ ತಿಳಿದಿರಬೇಕಲ್ಲ, ಅದಕ್ಕೆ ಬರೆದಿಡುತ್ತೇನೆ. ಗೋಕಾಕದ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು ನಾವಿಬ್ಬರು ಮೊಬೈಲಿನಲ್ಲಿ ಆಡುವ ಒಂದು ಕುಸ್ತಿ ಆಟ ಮಾಡುತ್ತಿದ್ದೇವೆ. ಕೋಡು ನನ್ನದು, ಚಿತ್ರ ಸೋಮಲಿಂಗನದು. ಕಾಲೇಜಿನಲ್ಲಿ ಜೊತೆಗೆ ಓದಿದವರು ನಾವು. ಆಟದ ಹೆಸರು 'ನಿಕಾಲಿ'. ಇಬ್ಬರಲ್ಲಿ ಒಬ್ಬ ಚಿತ್ತಾಗುವ ತನಕ ಬಿಡದ ಕುಸ್ತಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

ನಮಗೆ ಹಣ ಕೊಡುವ ಸಾಹುಕಾರರು ಯಾರೂ ಇರಲಿಲ್ಲ. ಆಟ ಆಡುವವರಿಂದಲೇ ಇಂಟರ್ನೆಟ್ಟಿನಲ್ಲಿ ಮುಂಗಡ ಕೂಡಿಸಿದೆವು. ಅದಕ್ಕೆ ಕ್ರೌಡ್‌ಫಂಡಿಂಗ್ ಎಂದು ದೊಡ್ಡ ಹೆಸರಿದೆ. ನಮ್ಮ ಅವ್ವ ಅನ್ನುವುದು "ಪಟ್ಟಿ ಎತ್ತಿದ್ದು" ಎಂದು. ಅವ್ವನ ಮಾತೇ ಸರಿ. ಯುಗಾದಿಗೆ ಆಟ ಕೊಡುತ್ತೇವೆ ಎಂದಿದ್ದೆವು. ಯುಗಾದಿ ಹೋಗಿ ಕಾರಹುಣ್ಣಿಮೆ ಹತ್ತಿರ ಬಂತು.

ಹಣ ಹಾಕಿದವರ ಮೇಲೆ ನನಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಅವರು ನನ್ನ ಲ್ಯಾಪ್‌ಟಾಪಿನಲ್ಲಿ ಸಾಲಾಗಿರುವ ಹೆಸರುಗಳು, ಅಷ್ಟೆ. ಆಟಕ್ಕೆ ಕೊಟ್ಟಿದ್ದಾರೆ, ಆಟ ಕೊಡುತ್ತೇನೆ. ಮಾತುಕತೆ ಬೇಕಾದವರು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ಜೂನ್ 9, ರವಿವಾರ

ಹೆಚ್ಚು ಕೊಟ್ಟವರಿಗೆ ಒಂದು ಆಸೆ ತೋರಿಸಿದ್ದೆವು. ಫೋಟೋ ಕಳಿಸಿ, ಕುಸ್ತಿ ಕಣದ ಸುತ್ತ ಕೂತ ಮಂದಿಯಲ್ಲಿ ಆ ಮುಖವೂ ಇರುತ್ತದೆ, ಎಂದು. ಚಹಾ ಕುಡಿಯುತ್ತ ಹೊಳೆದ ವಿಚಾರ, ಹಾಗೇ ಬರೆದು ಹಾಕಿದ್ದೆ. ಹುಡುಗರು ತಂಪು ಕನ್ನಡಕ ಹಾಕಿಕೊಂಡು ಸೆಲ್ಫಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಬೆಂಗಳೂರು, ಮೈಸೂರು ಕಡೆಯವರು ಹಾಗೇ ಕಳಿಸಿದರು.

ನಮ್ಮ ಕಡೆಯವರು ಸತ್ತವರನ್ನು ಕಳಿಸಿದರು.

ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತ ಎಲ್ಲೆಲ್ಲಿ ಗರಡಿ ಮನೆ ಇದೆಯೋ ಅಲ್ಲಲ್ಲಿಯ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಓಡಾಡಿದೆ. ಒಬ್ಬರಾದರೂ ತಮ್ಮ ಮುಖ ಕಳಿಸಿಲ್ಲ. ಅಜ್ಜ, ಅಪ್ಪ, ಕಾಕಾ. ಗೋಡೆಗೆ ತೂಗುಹಾಕಿದ ಫೋಟೋದ ಫೋಟೋ. ಮಾಲೆ ಹಾಗೇ ಇದೆ, ಗಾಜಿನ ಮೇಲೆ ಕುಂಕುಮ ಹಾಗೇ ಇದೆ, ಟ್ಯೂಬ್‌ಲೈಟು ಹೊಳೆಯುತ್ತಿದೆ. ಒಂದರಲ್ಲಂತೂ ಫೋಟೋ ತೆಗೆದವನ ಹೊಟ್ಟೆ ಗಾಜಿನಲ್ಲಿ ಕಾಣುತ್ತದೆ. ಸೋಮಲಿಂಗ ಒಬ್ಬೊಬ್ಬರ ಕೊರಳ ಮಾಲೆ ತೆಗೆದು, ತಲೆಗೆ ಪಟಕಾ ಸುತ್ತಿ ಕೂರಿಸುತ್ತಿದ್ದಾನೆ.

ಹೀಗೇಕೆ ಎಂದು ಹುಕ್ಕೇರಿಯ ಒಬ್ಬರನ್ನು ಕೇಳಿದೆ.

"ನಾ ಏನ್ರಿ, ಕುಸ್ತಿ ನೋಡಾಕ ಬೇಕಾದಾಗ ಹೋಕ್ಕೇನಿ. ಅಪ್ಪನ್ನ ಇನ್ನ ಯಾರ್ ಕರಕೊಂಡ್ ಹೋಗ್ತಾರ್ರಿ?" ಅಂದರು.

ಅವರ ಅಪ್ಪನಿಗೂ ಜಾಗ ಗುರುತು ಮಾಡಿದೆ. ಆದರೆ ಈಗ ತಕರಾರು ಶುರುವಾಗಿದೆ. "ನಮ್ಮ ಅಜ್ಜನ ಬಾಜೂ ಆ ಬಗಲೀ ಮನ್ಯಾಂವನ್ನ ಕುಂಡರ್ಸಬ್ಯಾಡ್ರಿ, ಅವರಿಬ್ಬರಿಗೂ ಮಾತಿದ್ದಿಲ್ಲ." "ಮುತ್ತಪ್ಪ ಕಾಕಾಗ ಬಿಸಲ ಆಗಂಗಿಲ್ರಿ, ಗಿಡದ ಬುಡಕ ಕುಂಡರ್ಸ್ರಿ." ಸತ್ತವರಿಗೆ ಎಂಥಾ ಬಿಸಿಲು ಎಂದು ಕೇಳಿಬಿಡುತ್ತಿದ್ದೆ. ಸೋಮಲಿಂಗ ಫೋನು ಕಸಿದುಕೊಂಡು "ಆತ್ರಿ ಆತ್ರಿ" ಅಂದ. ಮುತ್ತಪ್ಪ ಕಾಕಾನನ್ನು ಬೇವಿನ ಗಿಡದ ಕೆಳಗೆ ಸರಿಸಿಯೂಬಿಟ್ಟ.

ಹೀಗಾದರೆ ಆಟ ಮುಗಿದಂತೆಯೇ.

ಜೂನ್ 12

ಕೆಲಸವಾಯಿತು. ಬಯ್ಯುವವರು ಬಯ್ದರು. ಮೋಸಗಾರರು, ಹಣ ತಿಂದು ಕೂತಿದ್ದಾರೆ, ಎಂದು ಒಬ್ಬ ವಿಡಿಯೋ ಮಾಡಿ ಹಾಕಿದ್ದಾನೆ. ನೋಡಿದೆ. ಅವನ ದನಿ ಚೆನ್ನಾಗಿದೆ.

ಜೂನ್ 18, ಮಂಗಳವಾರ

ಒಂದು ಫೋಟೋ ತಡವಾಗಿ ಬಂತು. ಯಮಕನಮರಡಿಯ ನಂದಿನಿ ಎಂಬವರದು. ಹುಕ್ಕೇರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರಂತೆ. ಹಣ ಮೊದಲೇ ಹಾಕಿದ್ದರು, ಫೋಟೋ ಸಿಕ್ಕಿರಲಿಲ್ಲವಂತೆ.

ಇದು ಗೋಡೆಯ ಫೋಟೋ ಅಲ್ಲ. ಯಾವುದೋ ಹಳೆಯ ಕುಸ್ತಿಯ ಗುಂಪು ಚಿತ್ರ. ನಡುವೆ ಗೆದ್ದ ಪೈಲವಾನ, ಎರಡೂ ಕಡೆ ಖುರ್ಚಿಯ ಮೇಲೆ ಊರ ಹಿರಿಯರು. ತುದಿಗೆ ಒಬ್ಬ ಚರ್ಮದ ಹಲಗೆ ವಾದ್ಯ ಹಿಡಿದು ನಿಂತಿದ್ದಾನೆ. ಅವನ ಅರ್ಧ ಮುಖವನ್ನು ಫೋಟೋ ತೆಗೆದವನು ಹೊರಗೆ ಬಿಟ್ಟಿದ್ದಾನೆ. ಉಳಿದ ಅರ್ಧ ಮುಖ ನಂದಿನಿಯವರ ಅಜ್ಜ, ಮಾಯಪ್ಪ. ಕುಸ್ತಿ ನಡೆಯುವಷ್ಟು ಹೊತ್ತೂ ಕಣದ ಆಚೆ ಹಲಗೆ ಬಾರಿಸುವುದು ಅವರ ಕೇರಿಯವರ ಪಾಲಿನ ಕೆಲಸ. ಸುತ್ತಲಿನ ಎಲ್ಲ ಕಣಗಳಲ್ಲಿ ಬಾರಿಸಿದವನಂತೆ.

ಕೆಳಗೆ ಬರೆದಿದ್ದರು: "ನಮ್ಮ ಅಜ್ಜ ಅಷ್ಟೂ ಕುಸ್ತಿ ನಿಂತ ನೋಡ್ಯಾನ. ಕುಂಡರಾಕ ಬಿಟ್ಟಿಲ್ಲ. ಹಲಗಿ ಬ್ಯಾಡ್ರಿ. ಅಂವ ಕುಂತ ನೋಡಬೇಕು, ಅಷ್ಟ."

ಆಯ್ತು ಎಂದು ಬರೆದೆ. ಹಣ ಕೂಡಿಸಿದ ನಮ್ಮ ವೆಬ್ ಪುಟದಲ್ಲಿ ಇರುವುದೂ ಅದೇ. ಫೋಟೋ ಕಳಿಸಿದರೆ ಕೂರಿಸುತ್ತೇವೆ.

ಅರ್ಧ ಮುಖಕ್ಕೆ ಸೋಮಲಿಂಗ ಸುಲಭದ ಉಪಾಯ ಮಾಡಿದ. ಇದ್ದ ಅರ್ಧವನ್ನೇ ತಿರುಗಿಸಿ ಜೋಡಿಸಿದ. ಕಳಿಸಿದ ಸ್ವಲ್ಪ ಹೊತ್ತಿಗೆ ಫೋನು ಬಂತು. ನಂದಿನಿಯವರ ತಾಯಿ ಕರೆವ್ವ, ಮಾಯಪ್ಪನ ಮಗಳು.

"ಎರಡೂ ಕಿವಿ ಒಂದ ನಮೂನಿ ಮಾಡೀರಲ್ರಿ. ನಮ್ಮಪ್ಪನ ಎಡಗಿವಿ ಹರದಿತ್ತು, ಎತ್ತು ಹಾಯ್ದಿತ್ತು."

ಸೋಮಲಿಂಗ ಕಿವಿ ಹರಿದು ಕಳಿಸಿದ.

"ಹಾಂ, ಈಗ ನಮ್ಮಪ್ಪ," ಅಂದರು.

ಇದರಲ್ಲಿ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಆದರೂ ಕೋಡು ಬಿಟ್ಟು ಕೂತು ಕೇಳಿದೆ.

ಜುಲೈ 2, ಮಂಗಳವಾರ

ಬಯ್ಯುವವರ ಬಾಯಿ ಮುಚ್ಚಿಸಲು ಆಟದ ಒಂದು ಸಣ್ಣ ವಿಡಿಯೋ ಹಾಕಿದೆವು. ಕಣ, ಕೆಂಪು ಮಣ್ಣು, ಸುತ್ತ ಕೂತ ಹಿರಿಯರು. ಮಾಯಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದಾನೆ, ಮೂಡಲಗಿಯ ಮಾಲಿಂಗಪ್ಪ ಪೈಲವಾನರ ಬಾಜೂಗೆ. ಅವನದು ಕಡೆಗೆ ಬಂದ ಮುಖ, ಖಾಲಿ ಇದ್ದದ್ದು ಅದೊಂದೇ ಜಾಗ. ಬೇರೆ ಯಾವ ವಿಚಾರವೂ ಅದರಲ್ಲಿ ಇರಲಿಲ್ಲ. ಮುಂದೆ ಯಾರಾದರೂ ಕೇಳಿದರೆ ಎಂದು ಬರೆದಿಟ್ಟಿದ್ದೇನೆ.

ಜುಲೈ 4, ಗುರುವಾರ

ಕೇಳಿದರು.

ಮೂಡಲಗಿಯ ಅಣ್ಣಾಸಾಹೇಬರು ಫೋನ್ ಮಾಡಿದರು. ಮಾಲಿಂಗಪ್ಪ ಪೈಲವಾನರ ಮಗ. ಅಲ್ಲಿಯ ಗರಡಿ ಮನೆ ನೋಡಿಕೊಳ್ಳುವವರು ಅವರೇ. ಮೂಡಲಗಿ ಕಡೆಯಿಂದ ನಮಗೆ ಬಂದ ಹಣವೆಲ್ಲ ಅವರು ಮನೆಮನೆಗೆ ಹೋಗಿ ಹೇಳಿದ್ದರಿಂದ ಬಂದದ್ದು. ಬಯ್ಯುವ ಪೈಕಿ ಅಲ್ಲ.

"ತಂಗಿ, ವಿಡಿಯೋ ನೋಡಿದ್ವಿ. ಭಾಳ ಚಂದ ಆಗೇತಿ. ಅಪ್ಪನ ಬಾಜೂ ಕುಂತಾಂವ ಯಾರು?"

"ಮಾಯಪ್ಪ ಅಂತ್ರಿ, ಯಮಕನಮರಡಿ."

"ಹಲಗಿ ಮಾಯಪ್ಪ! ನಾ ಸಣ್ಣಾಂವ ಇದ್ದಾಗ ನೋಡೇನಿ. ಅಂವ ಬಾರಸಾಕ ಹತ್ತಿದ್ರ ಕುಂತವ್ರ ಮೈಮ್ಯಾಲೆಲ್ಲಾ ಮುಳ್ಳ ಏಳ್ತಿದ್ವು. ಅಂಥಾ ಕೈ ಮತ್ತ ಹುಟ್ಟಂಗಿಲ್ಲ." ದನಿ ತಗ್ಗಿಸಿದರು. "ಖರೆ ಅಂವ ಅಲ್ಲೆ ಕುಂಡರ್ತಿದ್ದಿಲ್ಲ ತಂಗಿ. ಹಲಗಿ ಹಿಡಕೊಂಡು ಆಚೀ ಕಡೆ ನಿಂದರ್ತಿದ್ದ. ಹಳೇ ಕಾಲದ ಕುಸ್ತಿ ಇದ್ದದ್ದು ಇದ್ದಂಗ ತೋರಸ್ತೇವಿ ಅಂತ ನೀವ ಬರದೀರಿ. ಇದ್ದದ್ದು ಇದ್ದಂಗ ತೋರಸ್ರಿ. ನಾ ಬ್ಯಾರೆ ಏನೂ ಕೇಳಂಗಿಲ್ಲ."

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲಿ ಮಂದಿ ರೊಕ್ಕಾ ತಿರಗಿ ಕೇಳ್ತಾರ. ತಡ್ಯಾಕ ನನ್ನ ಕಡೀಂದ ಆಗಂಗಿಲ್ಲ."

ಮೂಡಲಗಿಯವರೆಲ್ಲ ತಿರುಗಿ ಕೇಳಿದರೆ ಆಟವೂ ಇಲ್ಲ, ಈ ಖೋಲಿಯೂ ಇಲ್ಲ. ಅವರ ಮಾತಿನಲ್ಲಿ ಸುಳ್ಳಿಲ್ಲ, ಪುಟ ತೆರೆದು ನೋಡಿದೆ. "ಹಳೆಯ ಕಾಲದ ಕುಸ್ತಿ, ಇದ್ದದ್ದು ಇದ್ದಂತೆ" ಎಂದಿದೆ. ಅದರ ಕೆಳಗೇ "ಫೋಟೋ ಕಳಿಸಿ, ಕಣದ ಸುತ್ತ ಕೂರಿಸುತ್ತೇವೆ" ಎಂದಿದೆ. ಎರಡೂ ನಾನೇ ಬರೆದದ್ದು. ಒಂದನ್ನು ನಂಬಿ ಇವರು ಕೊಟ್ಟಿದ್ದಾರೆ, ಇನ್ನೊಂದನ್ನು ನಂಬಿ ಅವರು ಕೊಟ್ಟಿದ್ದಾರೆ. ಮಾಯಪ್ಪ ಒಂದೇ ಹೊತ್ತಿಗೆ ಕೂರಲೂ ನಿಲ್ಲಲೂ ಆಗುವುದಿಲ್ಲ.

ತಲೆ ನೋಯುತ್ತಿದೆ. ಅವ್ವ ಜುಣಕ, ರೊಟ್ಟಿ ಮಾಡಿದ್ದಳು, ಸೇರಲಿಲ್ಲ.

ಜುಲೈ 5, ಶುಕ್ರವಾರ

ದಾರಿ ಸಿಕ್ಕಿತು.

ಆಟ ತೆರೆದಾಗಲೆಲ್ಲ ಕೂತವರ ಜಾಗ ತಾನಾಗಿ ಬದಲಾಗುತ್ತದೆ. ಒಂದು ಸಲ ಮುಂದೆ, ಒಂದು ಸಲ ಹಿಂದೆ, ಒಂದು ಸಲ ತುದಿಗೆ. ಯಾರ ಬಾಜೂಗೆ ಯಾರು ಎನ್ನುವುದು ಯಾರ ಕೈಯಲ್ಲೂ ಇಲ್ಲ. ನಾಲ್ಕು ಸಾಲಿನ ಕೋಡು. ಇಷ್ಟು ಚೊಕ್ಕ ಕೆಲಸ ಈ ವರ್ಷ ನಾನು ಮಾಡಿರಲಿಲ್ಲ.

ಅಣ್ಣಾಸಾಹೇಬರಿಗೆ ಹೇಳಿದೆ.

"ಅಂದ್ರ ನೀವ ಕುಂಡರ್ಸಿದ್ದಲ್ಲ, ಮಷೀನ್ ಕುಂಡರ್ಸಿದ್ದು."

"ಹೌದ್ರಿ."

"ಹಂಗಾರ ಛಲೋ ಆತು. ಮಂದಿಗೆ ಹೇಳಾಕ ನನಗೂ ಒಂದ್ ಮಾತ ಸಿಕ್ತು."

ನಂದಿನಿಯವರಿಗೆ ಮೆಸೇಜು ಹಾಕಿದೆ. "ಅಜ್ಜ ಕುಂತಿರ್ತಾನಲ್ರಿ?" ಎಂದು ಕೇಳಿದರು. ಕೂತಿರುತ್ತಾನೆ ಎಂದೆ. ಅದು ನಿಜವೇ.

ಸೋಮಲಿಂಗ ಮಾತ್ರ ಮುಖ ಊದಿಸಿಕೊಂಡಿದ್ದಾನೆ. "ಕೈ ತೊಳಕೊಂಡಿ ಬಿಡ," ಅಂದ.

"ಕೈ ತೊಳಕೊಳ್ಳೂದು ಛಲೋ ರೂಢಿ," ಅಂದೆ. ನಗಲಿಲ್ಲ ಅವನು.

ಜುಲೈ 26

ಹೊಳೆಗೆ ನೀರು ಬಂದು ಕೆಳಗಿನ ಓಣಿಗಳವರು ಗಂಟುಮೂಟೆ ಹೊತ್ತು ಮೇಲೆ ಬಂದಿದ್ದಾರೆ. ಕರೆಂಟು ಬಂದಾಗ ಕೆಲಸ, ಹೋದಾಗ ಚಹಾ. ಆಗಸ್ಟ್ ಕಡೆಗೆ ಆಟ ಬಿಡುಗಡೆ ಮಾಡುತ್ತೇವೆ ಎಂದು ಪುಟದಲ್ಲಿ ಹಾಕಿದ್ದೇನೆ. ಯಾರೂ ನಂಬಿಲ್ಲ.

ಆಗಸ್ಟ್ 4, ರವಿವಾರ

ಅಗ್ಗದ ಫೋನುಗಳಲ್ಲಿ ಆಟ ತಡವರಿಸುತ್ತದೆ. ಕೂತ ಮಂದಿಯೇ ಭಾರ, ಅಷ್ಟು ಮುಖ ಒಟ್ಟಿಗೆ ತೋರಿಸಬೇಕಲ್ಲ. ಪರೀಕ್ಷೆ ಮಾಡಲು ಹಳೆಯ, ಅಗ್ಗದ, ಬಳಸಿ ಬಳಸಿ ಸೋತ ಫೋನು ಬೇಕಿತ್ತು. ತಮ್ಮ ಅವ್ವನದು ಅಂಥದ್ದೇ ಎಂದು ನಂದಿನಿಯವರು ಅಂದರು. ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಯಮಕನಮರಡಿಗೆ ಹೋದೆ. ಫೋನಿಗಾಗಿ ಹೋದದ್ದು.

ಕರೆವ್ವನವರು ಬಾಗಿಲಲ್ಲೇ ಕಾದಿದ್ದರು. ಪಡಸಾಲೆಯಲ್ಲಿ ಬುದ್ಧನ ಕ್ಯಾಲೆಂಡರು, ನಂದಿನಿಯವರ ಪುಸ್ತಕದ ಕಪಾಟು. ಆಟ ಹಾಕಿ ಫೋನು ಅವರ ಕೈಗೆ ಕೊಟ್ಟೆ. ತೋಳು ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಆ ಸಲ ಅದೃಷ್ಟಕ್ಕೆ ಮಾಯಪ್ಪ ಮುಂದಿನ ಸಾಲಿನಲ್ಲೇ ಬಂದಿದ್ದ.

"ಕುಂತಾನ," ಅಂದರು.

ನೋಡುತ್ತಲೇ ಕೂತರು. ಪೈಲವಾನರು ಕಣದಲ್ಲಿ ತೊಡೆ ತಟ್ಟುತ್ತ ಕಾದೇ ನಿಂತಿದ್ದರು. ಕರೆವ್ವನವರು ಆಟ ಶುರು ಮಾಡಲೇ ಇಲ್ಲ. ಫೋನು ಬಿಸಿಯಾಯಿತು. ನಾನು ಅದರ ಲೆಕ್ಕ ಬರೆದುಕೊಂಡೆ.

ಆಮೇಲೆ ಕೇಳಿದರು, "ಅಕ್ಕಾರ, ಚಾ ಮಾಡ್ಲೇನ್ರಿ? ನಮ್ಮನ್ಯಾಗಿಂದು ಕುಡೀತೀರಲ್ಲ?"

ಕುಡಿಯುತ್ತೇನೆ ಎಂದೆ. ಹಾಗೇಕೆ ಕೇಳಿದರು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಂದಿನಿಯವರು "ಅವ್ವಾ!" ಎಂದು ಗದರಿದರು. ಚಹಾದಲ್ಲಿ ಸಕ್ಕರೆ ಬಹಳ ಇತ್ತು. ಎರಡು ಕಪ್ಪು ಕುಡಿದೆ.

ಇನ್ನಷ್ಟು ದಿನ ನೋಡಲಿ ಎಂದು ಆಟವನ್ನು ಅವರ ಫೋನಿನಲ್ಲೇ ಬಿಟ್ಟು ಬಂದೆ.

ಆಗಸ್ಟ್ 6, ಮಂಗಳವಾರ

ಬೆಳಿಗ್ಗೆ ನಂದಿನಿಯವರ ಫೋನು. "ಅವ್ವ ಮಾತಾಡಬೇಕಂತ್ರಿ," ಎಂದು ಕೊಟ್ಟರು.

"ಅಕ್ಕಾರ, ಅಪ್ಪ ಆವತ್ತ ಮುಂದ ಕುಂತಿದ್ದ. ನಿನ್ನಿ ನೋಡಿದ್ರ ಹಿಂದ. ಇವತ್ತ ಹುಡುಕಿ ಹುಡುಕಿ ಸಾಕಾತು, ಕಡೀಕ ಅಲ್ಲೆ ತುದೀಗ ಅದಾನ. ಯಾರ್ ಎಬ್ಬಸಿದ್ರಿ?"

"ಯಾರೂ ಎಬ್ಬಸಿಲ್ರಿ. ಅದು ತಾನ ಬದ್ಲಿ ಆಕ್ಕೈತಿ. ಎಲ್ಲಾರದೂ ಹಂಗ."

"ಎಲ್ಲಾರೂ ದಿನಾ ಎದ್ದ ಎದ್ದ ಕುಂಡರ್ತಾರೇನು?"

"ಹೌದ್ರಿ."

ಜಗಳದ ದನಿ ಅಲ್ಲ ಅವರದು, ತಿಳಿದುಕೊಳ್ಳಲು ಕೇಳುವ ದನಿ.

"ಉಳದವ್ರದು ನನಗ ಗೊತ್ತಿಲ್ರಿ. ನಮ್ಮಪ್ಪ ತಾನಾಗಿ ಏಳಾಂವ ಅಲ್ಲ. ಯಾರರ ಏಳಂದ್ರ ಏಳ್ತಿದ್ದ. ಅದಕ್ಕ ಕೇಳಿದ್ನಿ."

ನೋಡುತ್ತೇನೆ ಎಂದು ಹೇಳಿ ಫೋನು ಇಟ್ಟೆ. ಏನಂತ ಎಂದು ಸೋಮಲಿಂಗ ಕೇಳಿದ. ಏನಿಲ್ಲ ಅಂದೆ.

ಆಗಸ್ಟ್ 7

ಏನೂ ಮಾಡಲಿಲ್ಲ.

ಆಗಸ್ಟ್ 8, ಗುರುವಾರ

ಆಟದಲ್ಲಿ ಸರಿಪಡಿಸಬೇಕಾದ ದೋಷಗಳ ಯಾದಿ ಒಂದಿದೆ. ಇವತ್ತು ಅದಕ್ಕೆ ಒಂದು ಸಾಲು ಸೇರಿಸಿದೆ: "ಕೂತವರು ಏಳುತ್ತಾರೆ."

ಆಮೇಲೆ ಆ ನಾಲ್ಕು ಸಾಲಿನ ಕೋಡು ಅಳಿಸಿದೆ. ನನಗೆ ನಾಚಿಕೆಯಾಯಿತು, ಬರೆದರೆ ತಪ್ಪೇನಿಲ್ಲ. ಕೋಡಿನಲ್ಲಿ ತಪ್ಪಿರಲಿಲ್ಲ. ಅದು ಹೇಳಿದಷ್ಟನ್ನೇ ಮಾಡಿತ್ತು. ಏಳು ಎಂದು ಹೇಳಿದವಳು ನಾನು.

"ಮತ್ತ ಮಾಯಪ್ಪ ಎಲ್ಲೆ?" ಎಂದ ಸೋಮಲಿಂಗ.

"ಮೊದ್ಲ ಎಲ್ಲೆ ಇದ್ದ, ಅಲ್ಲೆ."

"ಅಣ್ಣಾಸಾಹೇಬ್ರಿಗೆ?"

"ನಾ ಹೇಳ್ತೇನಿ."

"ಮೆಸೇಜ್ ಹಾಕ. ಫೋನಿನ್ಯಾಗ ನೀ ಸಿಟ್ಟಿಗೇಳ್ತಿ."

"ಹೋಗಿ ಹೇಳ್ತೇನಿ," ಅಂದೆ. ಅವನು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. ನೋಡುವಂಥದ್ದೇನಿದೆ, ಮೂಡಲಗಿ ಏನು ದೂರದ ಊರೇ?

ಆಗಸ್ಟ್ 11, ರವಿವಾರ

ಮೂಡಲಗಿಗೆ ಹೋಗಿ ಬಂದೆ.

ಗರಡಿಯ ಒಳಗೆ ಹೆಂಗಸರು ಕಾಲಿಡುವ ರೂಢಿ ಇಲ್ಲ. ಅಣ್ಣಾಸಾಹೇಬರೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು, ನನಗೆ ಖುರ್ಚಿ ತರಿಸಿದರು. ಫೋನಿನಲ್ಲಿ ಕೇಳಿದ ದನಿಗಿಂತ ಆಳು ಸಣ್ಣ. ಒಳಗಿಂದ ಎಣ್ಣೆ, ಬೆವರು, ಕೆಂಪು ಮಣ್ಣಿನ ವಾಸನೆ ಬರುತ್ತಿತ್ತು. ಕುಸ್ತಿಯ ಆಟ ಮಾಡುತ್ತಿರುವ ನಾನು ಗರಡಿಯ ಒಳಗನ್ನು ನೋಡಿರುವುದು ವಿಡಿಯೋದಲ್ಲಿ ಮಾತ್ರ. ಇಷ್ಟು ದಿನ ಅದರ ಬಗ್ಗೆ ನನಗೆ ಏನೂ ಅನಿಸಿರಲಿಲ್ಲ. ಇವತ್ತು ಖುರ್ಚಿಯಲ್ಲಿ ಕೂತು ಬಾಗಿಲ ಕಡೆ ನೋಡಿದೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಮಾಯಪ್ಪ ಮುಂದಿನ ಸಾಲಿನ್ಯಾಗ ಕುಂಡರ್ತಾನ್ರಿ. ಇನ್ನ ಜಾಗಾ ಬದ್ಲಿ ಆಗಂಗಿಲ್ಲ," ಎಂದೆ.

"ಮಷೀನ್ ಕುಂಡರ್ಸ್ತೈತಿ ಅಂದಿದ್ರಿ."

"ಇಲ್ರಿ. ನಾ ಕುಂಡರ್ಸಿದ್ದು."

"ಇದ್ದದ್ದು ಇದ್ದಂಗ ಅಂತ ಬರದಿದ್ರಲ್ಲ?"

"ಆ ಮಾತ ತಗೀತೇನ್ರಿ. ಅದನ್ನ ನಂಬಿ ಕೊಟ್ಟವ್ರಿಗೆ ಈಗ ಬ್ಯಾಡಾದ್ರ ರೊಕ್ಕಾ ತಿರಗಿ ಕೊಡ್ತೇನಿ. ಒಮ್ಮೇ ಆಗಂಗಿಲ್ಲ, ತಿಂಗಳಾ ತಿಂಗಳಾ ಕೊಡ್ತೇನಿ."

"ಪಟ್ಟಿ ಕೊಟ್ಟವ್ರು ನಾವು ತಂಗಿ."

"ನಂದಿನಿಯವ್ರೂ ಕೊಟ್ಟಾರ್ರಿ."

ಅವರು ಟವೆಲ್ಲಿನಿಂದ ಕೊರಳು ಒರೆಸಿಕೊಂಡರು. ಅವರಿಗೆ ಸಿಟ್ಟು ಬರುತ್ತದೆ, ನಾನೂ ಬಯ್ಯಬಹುದು ಎಂದು ಕಾದಿದ್ದೆ. ಬರಲಿಲ್ಲ.

"ನೀವ ಗೋಕಾಕದಾಗ ಮಾಳಗಿ ಮ್ಯಾಲ ಕುಂತೀರಿ," ಅಂದರು. "ಮನಿಮನಿಗೆ ಹೋಗಿ, ಕೊಡ್ರಿ, ನಮ್ಮ ಹಿರ್ಯಾರ ಹೆಸರ ಉಳೀತೈತಿ ಅಂತ ಕೇಳ್ದಾಂವ ನಾನು. ಸಂಜೀಕ ಈ ಕಟ್ಟೀಗೆ ಬಂದು ಅವ್ರು ಕೇಳೂದು ನಿಮ್ಮನ್ನಲ್ಲ, ನನ್ನ. ಏನ್ ಹೇಳ್ಲಿ?"

"ಆಕಿ ಮಾತ ಕೇಳ್ಲಿಲ್ಲ ಅಂತ ಹೇಳ್ರಿ."

"ಹಂಗ ಹೇಳಿದ್ರ ನನ್ನ ಮರ್ಯಾದಿ ಉಳೀತೈತೇನು?"

ಕೆಟ್ಟದೆನಿಸಿತು. ಅವರೂ ನನ್ನ ಹಾಗೆಯೇ, ಮಂದಿಗೆ ಮಾತು ಕೊಟ್ಟು ನಡುವೆ ಸಿಕ್ಕಿಕೊಂಡವರು. ನಾನಾದರೋ ಫೋನು ಎತ್ತದೆ ಇರಬಹುದು. ಅವರು ಕಟ್ಟೆಗೆ ಬರದೆ ಇರಲಿಕ್ಕೆ ಆಗುವುದಿಲ್ಲ.

ಕಡೆಗೆ ಅಂದರು, "ಹಂಗಾರ ನಮ್ಮಪ್ಪನ್ನ ತಗದ ಬಿಡ್ರಿ."

ನಾನು ಬೇಡಿಕೊಳ್ಳುತ್ತೇನೆ, ಬೇಡ ಅನ್ನುತ್ತೇನೆ ಎಂದುಕೊಂಡಿದ್ದರು ಅಂತ ಕಾಣುತ್ತದೆ. ನಾನು "ಆತ್ರಿ" ಅಂದೆ. ಅವರ ಮುಖ ಇಳಿಯಿತು.

"ತಗೀತೀರಿ? ಪಟಕಾ ಭಾಳ ಚಂದ ಬಂದಿತ್ತು."

"ನೀವ ತಗೀರಿ ಅಂದ್ರ ತಗೀತೇನಿ. ಇರ್ಲಿ ಅಂದ್ರ ಇರ್ತಾರ. ಅಲ್ಲೇ, ಮಾಯಪ್ಪನ ಬಾಜೂಕನ."

ಒಳಗೆ ಯಾರೋ ಬಸ್ಕಿ ಹೊಡೆಯುವ ಸಪ್ಪಳ ಕೇಳುತ್ತಿತ್ತು. ಅವರು ಅದನ್ನೇ ಕೇಳುತ್ತ ಕೂತರು.

"ತಗೀರಿ," ಅಂದರು. ಆಮೇಲೆ ಒಳಗೆ ಕೂಗಿ ನನಗೆ ಮಜ್ಜಿಗೆ ತರಿಸಿದರು. ಬಸ್‌ಸ್ಟ್ಯಾಂಡಿನವರೆಗೂ ಮೋಟರ್ ಸೈಕಲ್ಲಿನಲ್ಲಿ ಬಿಡಿಸುತ್ತೇನೆ ಎಂದರು. ನಡೆದೇ ಹೋದೆ.

ಆಗಸ್ಟ್ 12, ಸೋಮವಾರ

ಸೋಮಲಿಂಗ ಮಾಲಿಂಗಪ್ಪ ಪೈಲವಾನರನ್ನು ತೆಗೆದ. ಅವನಿಗೂ ಬೇಸರವಾಗಿತ್ತು, ಆ ಮೀಸೆಗೆ ಬಹಳ ಕಷ್ಟಪಟ್ಟಿದ್ದ.

ಪುಟದಲ್ಲಿ ಹೀಗೆ ಬರೆದೆ: "ಕಣದ ಸುತ್ತ ಯಾರು ಎಲ್ಲಿ ಕೂರಬೇಕು ಎಂದು ಗೊತ್ತು ಮಾಡಿದವಳು ನಾನು, ಕಾಜಲ್. ಮಷೀನು ಅಲ್ಲ. ಕೂತವರನ್ನು ಏಳಿಸುವುದಿಲ್ಲ. 'ಇದ್ದದ್ದು ಇದ್ದಂತೆ' ಎಂದು ಹೇಳಿ ಹಣ ಪಡೆದಿದ್ದೆ, ಹಾಗೆ ಮಾಡುತ್ತಿಲ್ಲ. ಬೇಡವಾದವರು ಹೇಳಿ, ಹಣ ತಿರುಗಿ ಕೊಡುತ್ತೇನೆ, ತಡವಾಗುತ್ತದೆ. ಬಯ್ಯುವವರು ನನಗೆ ಬಯ್ಯಿರಿ, ಸೋಮಲಿಂಗನಿಗೆ ಬೇಡ."

ಸಂಜೆಯ ಹೊತ್ತಿಗೆ ಮೂಡಲಗಿಯ ಇನ್ನೂ ಕೆಲವರು ತಮ್ಮವರನ್ನು ತೆಗೆಯಿರಿ ಎಂದರು. ಒಬ್ಬೊಬ್ಬರನ್ನೇ ತೆಗೆದೆವು. ನಡುವೆ ನಡುವೆ ಖಾಲಿಯಾಯಿತು, ಹಲ್ಲು ಬಿದ್ದ ಬಾಯಿಯ ಹಾಗೆ.

"ಎಲ್ಲಾರನ್ನೂ ಸರಿಸಿ ಒತ್ತಿ ಕುಂಡರ್ಸ್ಲೇನು? ಚಂದ ಕಾಣಂಗಿಲ್ಲ," ಎಂದ ಸೋಮಲಿಂಗ.

"ಬ್ಯಾಡ. ಕುಂತವ್ರು ಕುಂತಲ್ಲೇ ಇರ್ಲಿ."

ಬರುವ ತಿಂಗಳಿಂದ ಬೆಳಿಗ್ಗೆ ಹೊತ್ತು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಲು ಒಪ್ಪಿಕೊಂಡೆ. ಪಗಾರ ತಿರುಗಿ ಕೊಡುವುದಕ್ಕೆ ಹೋಗುತ್ತದೆ. ಅವ್ವನಿಗೆ ಹೇಳಿದೆ. "ಪಟ್ಟಿ ಎತ್ತೂ ಮುಂದ ಹೇಳಿದ್ನಲ್ಲ, ಮಂದೀ ರೊಕ್ಕಾ ಬ್ಯಾಡಂತ," ಎಂದು ಗೊಣಗಿದಳು. ಆದರೂ ಎರಡು ರೊಟ್ಟಿ ಹೆಚ್ಚಿಗೆ ಹಾಕಿದಳು.

ಆಗಸ್ಟ್ 20

ಫೋನು ಈಗ ನಾನೇ ಎತ್ತುತ್ತಿದ್ದೇನೆ. ಸೋಮಲಿಂಗನಿಗೆ ಚಿತ್ರದ ಕೆಲಸ ಬಹಳ ಇದೆ, ಅದಕ್ಕೆ.

ಹುಕ್ಕೇರಿಯ ಅಲ್ಲಪ್ಪ ಎಂಬವರು, ಖಾಲಿ ಜಾಗ ಇದ್ದರೆ ನಮ್ಮ ಅಜ್ಜನನ್ನು ಗಿಡದ ಕೆಳಗೆ ಕೂರಿಸಿ, ಅಂದರು. ಅಲ್ಲಿ ಮುತ್ತಪ್ಪ ಕಾಕಾ ಇದ್ದಾರೆ, ಅವರಿಗೆ ಬಿಸಿಲು ಆಗುವುದಿಲ್ಲ, ನಿಮ್ಮ ಅಜ್ಜನನ್ನು ಎಡಗಡೆ ಸೇರಿಸುತ್ತೇನೆ, ಎಂದೆ. ಸೋಮಲಿಂಗ ಯಾಕೋ ನಕ್ಕ. ಕೇಳಿದರೆ ಏನಿಲ್ಲ ಎಂದ.

ಆಗಸ್ಟ್ 30, ಶುಕ್ರವಾರ

ಆಟ ಬಿಡುಗಡೆ ಮಾಡಿದೆವು.

ದನಿ ಚೆನ್ನಾಗಿರುವ ಆ ಹುಡುಗ ಮತ್ತೊಂದು ವಿಡಿಯೋ ಮಾಡಿದ್ದಾನೆ. ಕುಸ್ತಿ ಚೆನ್ನಾಗಿದೆಯಂತೆ, ತಡವಾದದ್ದಕ್ಕೆ ಕ್ಷಮೆಯಿಲ್ಲವಂತೆ, ಸುತ್ತ ಕೂತ ಮಂದಿಯ ನಡುವೆ ಅಲ್ಲಲ್ಲಿ ಯಾಕೆ ಖಾಲಿ ಎಂದು ತಿಳಿಯಲಿಲ್ಲವಂತೆ. ಅರ್ಧ ಕೆಲಸ ಎಂದಿದ್ದಾನೆ. ಅವನಿಗೆ ಬರೆಯೋಣ ಎಂದು ಕೂತೆ. ಬರೆಯಲಿಲ್ಲ.

ಅಣ್ಣಾಸಾಹೇಬರು ಆಟ ಹಾಕಿಕೊಂಡಿದ್ದಾರೆ. ನಮಗೆ ಇಲ್ಲಿ ಕಾಣುತ್ತದೆ, ಯಾರು ಹಾಕಿಕೊಂಡರು ಎಂದು. ಫೋನು ಬರಲಿಲ್ಲ.

ಸೆಪ್ಟೆಂಬರ್ 1, ರವಿವಾರ

ಬಿಟ್ಟ ಮೇಲೆ ಹಳೆಯ ಫೋನಿನಲ್ಲಿ ಹೇಗೆ ಓಡುತ್ತದೆ ಎಂದು ನೋಡಬೇಕಿತ್ತು. ಯಮಕನಮರಡಿಗೆ ಹೋದೆ. ನಂದಿನಿಯವರು ಮನೆಯಲ್ಲಿ ಇರಲಿಲ್ಲ, ಪರೀಕ್ಷೆಯ ಪೇಪರು ತಿದ್ದಲು ಹೋಗಿದ್ದರು. ಕರೆವ್ವನವರು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸಿದೆ.

ಆಟ ತೆರೆದು ತೋರಿಸಿದರು. ದಿನಾ ಬೆಳಿಗ್ಗೆ ನೋಡುತ್ತಾರಂತೆ. ಮಾಯಪ್ಪ ಮುಂದಿನ ಸಾಲಿನಲ್ಲಿ, ಇದ್ದಲ್ಲೇ ಇದ್ದ. ಅವನ ಬಾಜೂಗೆ ಖಾಲಿ.

ನಾನು ಹೆದರಿದ್ದ ಪ್ರಶ್ನೆ ಅದೇ. ಬಸ್ಸಿನಲ್ಲಿ ಬರುವಾಗೆಲ್ಲ ಅದನ್ನೇ ವಿಚಾರ ಮಾಡಿದ್ದೆ. ಅವರು ಕೇಳಿಯೇಬಿಟ್ಟರು.

"ಮಗಳ, ಮೊದ್ಲ ವಿಡಿಯೋದಾಗ ಇಲ್ಲೆ ಅಪ್ಪನ ಬಾಜೂಕ ದೊಡ್ಡ ಮೀಸೀ ಪೈಲವಾನ್ರು ಒಬ್ರು ಕುಂತಿದ್ರಲ್ಲ. ಎದ್ದ ಹ್ವಾದ್ರೇನು?"

ಸುಳ್ಳು ಹೇಳಬಹುದಿತ್ತು. ಫೋನು ಹಳೆಯದು, ಭಾರವಾಗುತ್ತದೆ, ಅದಕ್ಕೆ ಕೆಲವರನ್ನು ತೆಗೆದೆವು ಎನ್ನಬಹುದಿತ್ತು. ನಂಬುತ್ತಿದ್ದರು.

"ಹೌದ್ರಿ," ಎಂದೆ. "ಎದ್ದ ಹೋದ್ರು."

ಅವರು ಫೋನನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು. ನಾನು ಶೇಂಗಾದ ಸಿಪ್ಪೆಯನ್ನು ನೋಡುತ್ತ ಕೂತೆ.

"ಹೋಗ್ಲಿ ಬಿಡ," ಅಂದರು. "ಅಪ್ಪಗ ಕಾಲ ಚಾಚಾಕ ಜಾಗಾ ಆತು."

ಫೋನಿನ ಪರೀಕ್ಷೆ ಮಾಡುವುದು ಮರೆತು ಹೋಯಿತು. ನಮ್ಮ ಆಟದಲ್ಲಿ ಕೂತವರೆಲ್ಲ ಕಾಲು ಮಡಿಚಿಯೇ ಕೂತಿದ್ದಾರೆ, ಕಾಲು ಚಾಚಿ ಕೂತವನ ಚಿತ್ರ ಒಂದೂ ಇಲ್ಲ. ಹುಕ್ಕೇರಿ ಬಸ್‌ಸ್ಟ್ಯಾಂಡಿನಿಂದ ಸೋಮಲಿಂಗನಿಗೆ ಫೋನ್ ಮಾಡಿ ಹೇಳಿದೆ. ಅಂಥದೊಂದು ಚಿತ್ರ ನಾಳೆ ಬರೆಯುತ್ತಾನೆ.